ಬೆಟ್ಟ ಹತ್ತುವ ಬೇಟೆಗೆ ಹೆಗಲು ನೋಯದ ಕೋವಿ ಪಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಹತ್ತಿರ ಬರುತ್ತಿದ್ದ ಹಾಗೆ ಅಮೆರಿಕದ ಕೊಲರಾಡೊದಲ್ಲಿರುವ ನಮ್ಮ ಕನ್ನಡದ ಗೆಳೆಯರ ನಡುವೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಮಾತು ಶುರುವಾಗುತ್ತದೆ. ಯಾವ ಕೋವಿ, ಯಾವ ಸ್ಕೋಪ್, ಯಾವ ತೋಟಾ ಎಂದು ರಾತ್ರಿಯೆಲ್ಲ ಚರ್ಚೆ. ಕೋವಿ ಹೊರುವ ಪಟ್ಟಿಯ, ಅಂದರೆ ಸ್ಲಿಂಗಿನ, ವಿಚಾರ ಬರುವುದು ಮಾತ್ರ ಹೆಗಲು ನೋಯಲು ಶುರುವಾದ ಮೇಲೆ. ಎಷ್ಟೋ ದಿನ ಒಂದು ಗುಂಡೂ ಹಾರುವುದಿಲ್ಲ. ಕೋವಿಯನ್ನು ಹೊರುವುದು ಮಾತ್ರ ಒಂದು ದಿನವೂ ತಪ್ಪುವುದಿಲ್ಲ. ಆಗಾಗ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟ್ ಎಂಬ ಭಾಗವನ್ನು ಕೈಯಿಂದ ಹಿಂದೆ ಮುಂದೆ ಎಳೆಯುವ ಕೋವಿ), ಬೆನ್ನಿಗೊಂದು ಬ್ಯಾಗ್, ಏರುಹಾದಿ, ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಓದಿ.

ಕೋವಿ ಬರೀ ನಾಲ್ಕು ಕಿಲೋ ತಾನೆ? ಅದಕ್ಕೆ ಇಷ್ಟೊಂದು ಯೋಚನೆ ಬೇಕಾ?

ಬೇಕು. ಹಗುರ ಅನ್ನಿಸುವ ರೈಫಲ್ ಕೂಡ ಸುಮಾರು 3 ಕಿಲೋ ಇರುತ್ತದೆ. ಸ್ಕೋಪ್, ಅದರ ಮೌಂಟ್, ತೋಟಾ ಎಲ್ಲ ಸೇರಿದರೆ ಮೂರೂವರೆಯಿಂದ ನಾಲ್ಕು ಕಿಲೋ. ಮನೆಯಲ್ಲಿ ಎತ್ತಿ ನೋಡಿದರೆ ಇದು ಏನೂ ಅಲ್ಲ. ಆದರೆ ಎಲ್ಕ್ ಓಡಾಡುವ ಜಾಗ ಸಮುದ್ರಮಟ್ಟದಿಂದ 2,500, 3,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ಉಸಿರಾಡುವುದೇ ಒಂದು ಕೆಲಸ.

ನೋವು ಬರುವುದು ತೂಕದಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಕಂಡ ಮಟ್ಟಿಗೆ, ಅದಕ್ಕಿಂತ ಜಾಸ್ತಿ ಕಾಡುವುದು ಪಟ್ಟಿ ಜಾರುವುದು. ಜಾರದಿರಲಿ ಅಂತ ನಮಗೆ ಗೊತ್ತಿಲ್ಲದ ಹಾಗೇ ಆ ಹೆಗಲನ್ನು ಮೇಲಕ್ಕೆತ್ತಿ ನಡೆಯುತ್ತೇವೆ. ಕತ್ತಿನಿಂದ ಹೆಗಲಿಗೆ ಇಳಿಯುವ ಸ್ನಾಯು ಗಂಟೆಗಟ್ಟಲೆ ಬಿಗಿದುಕೊಂಡೇ ಇರುತ್ತದೆ. ಒಂದೇ ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಏರ್‌ಪೋರ್ಟ್‌ನಲ್ಲಿ ಈ ಗೇಟಿನಿಂದ ಆ ಗೇಟಿಗೆ ಓಡಿದವರಿಗೆ ಈ ನೋವು ಚೆನ್ನಾಗಿ ಗೊತ್ತು. ಇದರ ಜೊತೆಗೆ ಒಂದು ಕೈ ಸದಾ ಪಟ್ಟಿಯ ಮೇಲೇ ಇರುತ್ತದೆ. ಬೈನಾಕ್ಯುಲರ್ ಹಿಡಿಯಲು, ಊರುಗೋಲು ಹಿಡಿಯಲು, ಎಡವಿದಾಗ ಆಸರೆ ಹಿಡಿಯಲು ಆ ಕೈ ಸಿಗುವುದಿಲ್ಲ.

ಹಾಗಾಗಿ ಯಾವ ಸ್ಲಿಂಗ್ ನೋಡಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಹೆಗಲನ್ನು ಪೂರ್ತಿ ಸಡಿಲ ಬಿಟ್ಟು ನಡೆದರೆ ಇದು ಅಲ್ಲೇ ನಿಲ್ಲುತ್ತಾ? ಉಳಿದದ್ದೆಲ್ಲ ಆಮೇಲೆ.

ಅಗಲವಾಗಿ, ದಪ್ಪ ಪ್ಯಾಡ್ ಇದ್ದರೆ ಸಾಕಲ್ವಾ?

ಸಾಕಾಗುವುದಿಲ್ಲ. ಅಗಲ ಜಾಸ್ತಿಯಾದರೆ ಭಾರ ಹರಡುತ್ತದೆ ಎಂಬುದು ನಿಜ. ಬರೀ ಅಂಗಿಯ ಮೇಲೆ ನೇತುಹಾಕಿದರೆ ಒಂದು ಇಂಚಿನ ಪಟ್ಟಿ ಹೆಗಲಿನೊಳಗೆ ಕೊರೆಯುತ್ತದೆ, ಎರಡೂವರೆ ಇಂಚಿನದು ಕೊರೆಯುವುದಿಲ್ಲ. ಆದರೆ ಅಕ್ಟೋಬರ್ ಬೆಟ್ಟದಲ್ಲಿ ಬರೀ ಅಂಗಿ ಯಾರು ಹಾಕುತ್ತಾರೆ? ಒಳಗೆ ಉಣ್ಣೆ, ಮೇಲೆ ಜಾಕೆಟ್, ಅದರ ಮೇಲೆ ಬ್ಯಾಗಿನ ಪ್ಯಾಡು. ಇಷ್ಟರ ಮೇಲೆ ಸ್ಲಿಂಗಿನ ದಪ್ಪ ಪ್ಯಾಡ್ ಕೂತರೆ ಅದು ಹೆಗಲಿನ ತುದಿಗೆ ಬಂದು ಇನ್ನೂ ಬೇಗ ಜಾರುತ್ತದೆ.

ಬ್ಯಾಗ್ ಇಲ್ಲದೆ ನಡೆಯುವವರು ಎರಡು ಎರಡೂವರೆ ಇಂಚಿನ ಪ್ಯಾಡ್ ತೆಗೆದುಕೊಳ್ಳಿ. ಬ್ಯಾಗ್ ಇರುವವರಿಗೆ ಒಂದೂಕಾಲು ಇಂಚಿನ ಪಟ್ಟಿ, ಒಳಮೈ ಒರಟಾಗಿರುವಂಥದ್ದು, ಎಷ್ಟೋ ವಾಸಿ. ಹೆಗಲನ್ನು ಕಾಯುವ ಕೆಲಸವನ್ನು ಬ್ಯಾಗಿನ ಪ್ಯಾಡೇ ಮಾಡುತ್ತದೆ.

ಚರ್ಮ, ನೈಲಾನ್, ನಿಯೋಪ್ರೀನ್, ಯಾವುದು ಒಳ್ಳೇದು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಒಂದೊಂದಾಗಿ ಹೇಳುತ್ತೇನೆ.

ಚರ್ಮ ನೋಡಲು ಚೆಂದ, ಬಾಳಿಕೆಯೂ ಹೆಚ್ಚು. ಅದರ ಒಳಮೈಗೆ ಸ್ವೇಡ್ (ಒರಟು ಮೈಯ ಮೆತ್ತನೆ ಚರ್ಮ) ಹೊಲಿದಿದ್ದರೆ ಬಟ್ಟೆಗೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ನುಣುಪಾದ ಚರ್ಮ ಮಾತ್ರ ಮಳೆ ಜಾಕೆಟ್ ಮೇಲೆ ನಿಲ್ಲುವುದೇ ಇಲ್ಲ. ನೆನೆದರೆ ಭಾರವಾಗುತ್ತದೆ, ಹಿಗ್ಗುತ್ತದೆ. ಹೊಸದಾಗಿದ್ದಾಗ ಪ್ರತಿ ಹೆಜ್ಜೆಗೂ ಕಿರ್ ಕಿರ್ ಅನ್ನುವುದೂ ಉಂಟು.

ನೈಲಾನ್ ಪಟ್ಟಿ ಹಗುರ, ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ನೈಲಾನ್ ಎಲ್ಲಾ ಒಂದೇ ಅಲ್ಲ. ಕಾರಿನ ಸೀಟ್ ಬೆಲ್ಟ್‌ನಂಥ ನುಣುಪು ನೇಯ್ಗೆ ಜಾರುತ್ತದೆ. ಕೈಬೆರಳಿಗೆ ದಾರದ ಏರಿಳಿತ ತಾಗುವಂಥ ಒರಟು ನೇಯ್ಗೆ ನಿಲ್ಲುತ್ತದೆ. ಅಂಗಡಿಯಲ್ಲಿ ನಿಮ್ಮ ಜಾಕೆಟ್ ತೋಳಿನ ಮೇಲೆ ಒತ್ತಿ ಎಳೆದು ನೋಡಿ, ತಕ್ಷಣ ಗೊತ್ತಾಗುತ್ತದೆ. ಪಾಲಿಯೆಸ್ಟರ್ ಪಟ್ಟಿ ನೈಲಾನಿಗಿಂತ ಕಡಿಮೆ ನೀರು ಕುಡಿಯುತ್ತದೆ, ಒದ್ದೆಯಾದಾಗ ಹಿಗ್ಗುವುದೂ ಕಡಿಮೆ. ಎರಡರಲ್ಲಿ ಒಂದು ಆರಿಸಿ ಅಂದರೆ ನಾನು ಅದನ್ನೇ ಹೇಳುವುದು.

ನಿಯೋಪ್ರೀನ್ ಪ್ಯಾಡಿನ ಸ್ಲಿಂಗ್ ಹಾಕಿದ ಕೂಡಲೇ ಕೋವಿ ಹಗುರವಾದಂತೆ ಅನಿಸುತ್ತದೆ. ಅದು ರಬ್ಬರಿನ ಹಾಗೆ ಹಿಗ್ಗುವುದರಿಂದ ಆಗುವ ಅನುಭವ. ಸಮತಟ್ಟು ಜಾಗದಲ್ಲಿ, ಹೊಲದ ಅಂಚಿನಲ್ಲಿ ನಡೆಯುವವರಿಗೆ ಅದು ಸುಖವೇ. ಇಳಿಜಾರಿನಲ್ಲಿ ಬೇಗ ಬೇಗ ಇಳಿಯುವಾಗ ಅದೇ ಹಿಗ್ಗುವಿಕೆ ತೊಂದರೆ ಕೊಡುತ್ತದೆ. ಪ್ರತಿ ಹೆಜ್ಜೆಗೂ ಕೋವಿ ಕೆಳಗೆ ಕುಕ್ಕಿ ಮೇಲೆ ಪುಟಿಯುತ್ತದೆ, ಸ್ಕೋಪ್ ಬೆನ್ನಿಗೆ ಬಡಿಯುತ್ತದೆ. ಬೆವರು ಹೀರುವುದೂ ಇಲ್ಲ.

ಮೆತ್ತನೆ ಪಾಲಿಮರ್ ಪ್ಯಾಡ್ ಇರುವ ಕ್ವೇಕ್ ಕ್ಲಾ ಥರದ ಸ್ಲಿಂಗ್‌ಗಳು ಹಿಡಿತದ ವಿಷಯದಲ್ಲಿ ಚೆನ್ನಾಗಿವೆ. ಹತ್ತಿಯ ದಪ್ಪ ಪಟ್ಟಿಯೂ ಜಾರುವುದಿಲ್ಲ, ಸದ್ದೂ ಮಾಡುವುದಿಲ್ಲ. ಆದರೆ ಹಿಮದಲ್ಲಿ ನೆನೆದು ರಾತ್ರಿ ಟೆಂಟಿನ ಹೊರಗೆ ಬಿದ್ದಿದ್ದರೆ ಬೆಳಗ್ಗೆ ಮರದ ಪಟ್ಟಿಯ ಹಾಗೆ ಸೆಟೆದು ನಿಂತಿರುತ್ತದೆ.

ಬ್ಯಾಗ್ ಹಾಕಿಕೊಂಡರೆ ಕೋವಿ ಹೆಗಲಲ್ಲಿ ನಿಲ್ಲೋದೇ ಇಲ್ಲ. ಏನು ಮಾಡಲಿ?

ಬೆಟ್ಟದ ಬೇಟೆಯಲ್ಲಿ ನಿಜವಾದ ಸಮಸ್ಯೆ ಇದೇ. ಮೊದಲು ಬ್ಯಾಗಿನ ಹೆಗಲಪಟ್ಟಿ ನೋಡಿ. ಕೆಲವು ಬೇಟೆ ಬ್ಯಾಗುಗಳಲ್ಲಿ ಆ ಪಟ್ಟಿಯ ಮೇಲೆ, ಹೆಗಲಿನ ತುದಿಯಲ್ಲಿ, ಸಣ್ಣ ಉಬ್ಬು ಅಥವಾ ಕೊಕ್ಕೆ ಇರುತ್ತದೆ. ಸ್ಲಿಂಗ್ ಅದರ ಒಳಬದಿಗೆ ಕೂತರೆ ಹೊರಗೆ ಜಾರುವುದಿಲ್ಲ. ಇಲ್ಲದಿದ್ದರೆ ನೀವೇ ಮಾಡಿಕೊಳ್ಳಬಹುದು. ಎರಡು ಬೆರಳು ದಪ್ಪದ ಫೋಮ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಪಟ್ಟಿಯ ಹೊರತುದಿಗೆ ಭದ್ರವಾಗಿ ಹೊಲಿಯಿರಿ. ದರ್ಜಿಯ ಹತ್ತಿರ ಕೊಟ್ಟರೂ ಹತ್ತು ನಿಮಿಷದ ಕೆಲಸ.

ಇನ್ನೊಂದು ದಾರಿ ಎಂದರೆ ಕೋವಿಯನ್ನು ಹೆಗಲಿನಿಂದಲೇ ತಪ್ಪಿಸುವುದು. ಬ್ಯಾಗಿನ ಸೊಂಟಪಟ್ಟಿಗೆ ಒಂದು ಸಣ್ಣ ಜೋಳಿಗೆ, ಅದರಲ್ಲಿ ಕೋವಿಯ ಬಟ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂದಿನ ತುದಿ) ಕೂರುತ್ತದೆ. ಹೆಗಲಪಟ್ಟಿಗೆ ಒಂದು ಬೆಲ್ಟು, ಅದು ನಳಿಗೆಯ ಕಡೆಯನ್ನು ಹಿಡಿದುಕೊಳ್ಳುತ್ತದೆ. ಕಿಫಾರು ಕಂಪನಿಯ ಗನ್ ಬೇರರ್ ಈ ಮಾದರಿಯದು. ಇದರಲ್ಲಿ ಭಾರ ಸೊಂಟಕ್ಕೆ ಹೋಗುತ್ತದೆ, ಎರಡೂ ಕೈ ಖಾಲಿ ಇರುತ್ತವೆ, ಕೋವಿಯನ್ನು ಎಳೆದು ತೆಗೆಯಲು ಕೆಲವೇ ಕ್ಷಣ ಸಾಕು. ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ಬೆಟ್ಟದಲ್ಲಿ ನಡೆಯುವವರಿಗೆ ಇದಕ್ಕಿಂತ ಆರಾಮದ ಏರ್ಪಾಡು ನಾನು ಕಂಡಿಲ್ಲ. ಬ್ಯಾಗ್ ಕೆಳಗಿಟ್ಟು ಹೋಗುವಾಗ ಬೇಕಾಗುತ್ತದೆ, ಹಾಗಾಗಿ ತೆಳುವಾದ ಒಂದು ಸ್ಲಿಂಗ್ ಕೂಡ ಕೋವಿಗೆ ಇರಲಿ.

ಎರಡೂ ಹೆಗಲಿಗೆ ಹಾಕುವ ಸ್ಲಿಂಗ್ ಹೇಗೆ?

ಬೆನ್ನಿಗೆ ಬ್ಯಾಗ್ ಇಲ್ಲದಿದ್ದರೆ ತುಂಬಾ ಚೆನ್ನಾಗಿರುತ್ತದೆ. ಹಿಮದ ಮೇಲೆ ಸ್ಕೀ ಮಾಡುತ್ತಾ ನಡುವೆ ಗುರಿಗೆ ಗುಂಡು ಹೊಡೆಯುವ ಬಯಾತ್ಲಾನ್ ಆಟಗಾರರನ್ನು ನೋಡಿ. ಅವರ ರೈಫಲ್ ಕನಿಷ್ಠ ಮೂರೂವರೆ ಕಿಲೋ ಇರಬೇಕೆಂಬ ನಿಯಮವಿದೆ. ಅದನ್ನು ಎರಡು ಪಟ್ಟಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಹಿಮದ ಮೇಲೆ ಪೂರ್ತಿ ವೇಗದಲ್ಲಿ ಜಾರುತ್ತಾರೆ. ಭಾರ ಎರಡೂ ಕಡೆ ಸಮವಾಗಿ ಬೀಳುವುದರಿಂದ ಕೋವಿ ಅಲ್ಲಾಡುವುದಿಲ್ಲ.

ತೊಂದರೆ ಎರಡಿದೆ. ಬ್ಯಾಗಿದ್ದರೆ ಇದನ್ನು ಹಾಕಲು ಜಾಗವೇ ಇಲ್ಲ. ಮತ್ತೆ, ಎದುರಿಗೆ ಪ್ರಾಣಿ ಕಂಡಾಗ ಕೋವಿ ಬಿಚ್ಚಿಕೊಳ್ಳಲು ಹೊತ್ತು ಹಿಡಿಯುತ್ತದೆ, ಮೈಯೂ ಜಾಸ್ತಿ ಅಲ್ಲಾಡುತ್ತದೆ. ಕತ್ತಲಲ್ಲಿ ಹೊರಟು ದೂರದ ಜಾಗಕ್ಕೆ ತಲುಪುವ ತನಕ ಇದನ್ನು ಬಳಸಿ, ಅಲ್ಲಿಂದ ಮುಂದೆ ಕೋವಿ ಕೈಯಲ್ಲಿರಲಿ.

ಉದ್ದ ಎಷ್ಟಿರಬೇಕು?

ನಿಂತಾಗ, ಜಾಕೆಟ್ ಸಮೇತ, ಬಟ್ ನಿಮ್ಮ ತೊಡೆಯ ನಡುವಿಗಿಂತ ಕೆಳಗೆ ಬರಬಾರದು. ಅದಕ್ಕಿಂತ ಇಳಿದರೆ ಹತ್ತುವಾಗ ಮೊಣಕಾಲಿನ ಹಿಂಭಾಗಕ್ಕೆ ಬಡಿಯುತ್ತದೆ. ತೀರಾ ಗಿಡ್ಡ ಮಾಡಿದರೆ ಕೈ ತೂರಿಸುವುದೇ ಕಷ್ಟ. ಬೆಳಗ್ಗೆ ದಪ್ಪ ಜಾಕೆಟ್, ಮಧ್ಯಾಹ್ನ ತೆಳು ಅಂಗಿ. ಹಾಗಾಗಿ ಗ್ಲೌಸ್ ಹಾಕಿದ ಕೈಯಲ್ಲೇ ಹೆಚ್ಚುಕಡಿಮೆ ಮಾಡಲು ಬರುವ ಬಕಲ್ ಇರಬೇಕು. ಇದನ್ನು ಕೊಳ್ಳುವ ಮುಂಚೆ ಖಂಡಿತ ಪರೀಕ್ಷಿಸಿ.

ನಳಿಗೆ ಮೇಲೆ ಮಾಡಿ ಹೊರಬೇಕೋ, ಕೆಳಗೆ ಮಾಡಿಯೋ?

ಸಾಮಾನ್ಯವಾಗಿ ಎಲ್ಲರೂ ಬಲಹೆಗಲ ಹಿಂದೆ, ನಳಿಗೆ ಮೇಲೆ ಮಾಡಿ ಹೊರುತ್ತಾರೆ. ಬಯಲಿನಲ್ಲಿ ಅದು ಸರಿ. ಕಾಡು ದಟ್ಟವಾದ ಕಡೆ ನಳಿಗೆ ತಲೆಗಿಂತ ಮೇಲೆ ಚಾಚಿಕೊಂಡಿರುತ್ತದೆ. ನೀವು ಬಗ್ಗಿ ದಾಟಿದ ಕೊಂಬೆಗೆ ಅದು ಸಿಕ್ಕಿಕೊಂಡು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಒಣಗಿದ ಸ್ಪ್ರೂಸ್ ಕೊಂಬೆ ಚಟ್ ಅಂತ ಮುರಿದರೆ ಆ ಕಣಿವೆಯಲ್ಲಿದ್ದ ಎಲ್ಕ್‌ಗಳೆಲ್ಲ ಮುಂದಿನ ಕಣಿವೆಗೆ ಹೋಗಿರುತ್ತವೆ.

ಇನ್ನೊಂದು ರೀತಿಯನ್ನು ಆಫ್ರಿಕನ್ ಕ್ಯಾರಿ ಅನ್ನುತ್ತಾರೆ. ಬಲಗೈ ಬಳಸುವವರು ಎಡಹೆಗಲಿಗೆ ಹಾಕಿ, ನಳಿಗೆ ಕೆಳಗೆ ಮಾಡಿ, ಎಡಗೈಯಲ್ಲಿ ಮುಂಭಾಗವನ್ನು ಹಿಡಿದುಕೊಳ್ಳುವುದು. ಕೊಂಬೆಗೆ ಸಿಕ್ಕುವುದಿಲ್ಲ, ನಳಿಗೆಯೊಳಗೆ ಮಳೆ ಬೀಳುವುದಿಲ್ಲ, ಕೋವಿ ಬೇಗ ಭುಜಕ್ಕೆ ಬರುತ್ತದೆ. ಆದರೆ ಜಾರಿ ಬಿದ್ದರೆ ನಳಿಗೆಯ ಬಾಯಿ ನೇರ ಹಿಮಕ್ಕೋ ಕೆಸರಿಗೋ ಊರುತ್ತದೆ. ಕೆಸರು ಕಟ್ಟಿದ ನಳಿಗೆಯಲ್ಲಿ ಗುಂಡು ಹಾರಿಸಿದರೆ ನಳಿಗೆ ಸೀಳಿಹೋಗಬಹುದು. ಹಾಗಾಗಿ ಯಾವ ರೀತಿ ಹೊತ್ತರೂ ನಳಿಗೆಯ ಬಾಯಿ ಮುಚ್ಚುವ ಹಾಗೆ ಒಂದು ಪದರ ಎಲೆಕ್ಟ್ರಿಕಲ್ ಟೇಪ್ ಹಚ್ಚಿ. ತೆಳುವಾದ ಟೇಪಿನ ಮೂಲಕವೇ ಗುಂಡು ಹಾರಿಸಬಹುದು, ಬೇಟೆಗಾರರು ಬಹಳ ಕಾಲದಿಂದ ಮಾಡುತ್ತಿರುವ ಕ್ರಮ ಇದು. ಬಿದ್ದು ಎದ್ದರೆ ಮಾತ್ರ ಕೋವಿ ಖಾಲಿ ಮಾಡಿ, ಬೋಲ್ಟ್ ತೆಗೆದು, ನಳಿಗೆಯೊಳಗೆ ಬೆಳಕು ಕಾಣುತ್ತಾ ಅಂತ ನೋಡಿಯೇ ಮುಂದೆ ನಡೆಯಿರಿ.

ಸ್ಲಿಂಗಿನಲ್ಲಿ ನೇತಾಡುವಾಗ ಚೇಂಬರಿನಲ್ಲಿ ತೋಟಾ ಇರಬಹುದಾ?

ಬೇಡ. ತೋಟಾ ತುಂಬಿಡುವ ಮ್ಯಾಗಜೀನಿನಲ್ಲಿ ಇರಲಿ, ಚೇಂಬರ್ (ಹಾರಲು ಸಿದ್ಧವಾದ ತೋಟಾ ಕೂರುವ ನಳಿಗೆಯ ಬುಡ) ಖಾಲಿ ಇರಲಿ. ಕೋವಿ ಹೆಗಲಲ್ಲಿದ್ದಾಗ ನಳಿಗೆ ಯಾವ ಕಡೆ ತಿರುಗಿದೆ ಎಂದು ನಮಗೆ ಕಾಣುವುದಿಲ್ಲ. ಬಗ್ಗಿ ಶೂ ಲೇಸ್ ಕಟ್ಟುವಾಗ ಅದು ಹಿಂದೆ ಬರುವ ಗೆಳೆಯನ ಎದೆಗೆ ತಿರುಗಿರುತ್ತದೆ. ಪಟ್ಟಿ ಕಿತ್ತು ಕೋವಿ ಬಂಡೆಗೆ ಬೀಳುವುದೂ ಉಂಟು. ತಂತಿಬೇಲಿ ದಾಟುವಾಗ ಪೂರ್ತಿ ಖಾಲಿ ಮಾಡಿ, ಬೋಲ್ಟ್ ತೆರೆದು, ಕೋವಿಯನ್ನು ಮೊದಲು ಆಚೆ ಇಟ್ಟು ಆಮೇಲೆ ನೀವು ದಾಟಿ. ವಾಹನ ಹತ್ತುವಾಗ ಚೇಂಬರ್ ಖಾಲಿ ಇರಲೇಬೇಕು ಎಂಬುದು ಕೊಲರಾಡೊದಲ್ಲಿ ಕಾನೂನು.

ಸ್ವಿವೆಲ್, ಸ್ಟಡ್ ಅಂತೆಲ್ಲ ಇರುತ್ತಲ್ಲ, ಅದರಲ್ಲಿ ಏನು ನೋಡಬೇಕು?

ಕೋವಿಯ ಮುಂದೆ ಒಂದು, ಹಿಂದೆ ಬಟ್ ಹತ್ತಿರ ಒಂದು, ಸಣ್ಣ ತೂತಿರುವ ಸ್ಕ್ರೂ ಇರುತ್ತದೆ. ಅದು ಸ್ಟಡ್. ಅದಕ್ಕೆ ಸಿಕ್ಕಿಸುವ ಲೋಹದ ಕೊಂಡಿ ಸ್ವಿವೆಲ್. ಕೊಂಡಿಯ ಅಗಲ ಸಾಮಾನ್ಯವಾಗಿ ಒಂದು ಇಂಚು ಅಥವಾ ಒಂದೂಕಾಲು ಇಂಚು. ಒಂದೂಕಾಲು ಇಂಚಿನ ಪಟ್ಟಿಯನ್ನು ಒಂದಿಂಚಿನ ಕೊಂಡಿಗೆ ತುರುಕಿದರೆ ಪಟ್ಟಿ ಮಡಚಿಕೊಂಡು ಅಂಚು ಬೇಗ ಸವೆಯುತ್ತದೆ. ಅಳತೆ ನೋಡಿ ತೆಗೆದುಕೊಳ್ಳಿ.

ಮರದ ಕೋವಿಯಲ್ಲಿ ಹಿಂದಿನ ಸ್ಟಡ್ ಸಾಮಾನ್ಯವಾಗಿ ನೇರ ಮರಕ್ಕೇ ತಿರುಗಿಸಿದ ಸ್ಕ್ರೂ, ಮುಂದಿನದಕ್ಕೆ ಒಳಗಿನಿಂದ ನಟ್ಟು. ವರ್ಷಗಳು ಕಳೆದಂತೆ ಮರದ ಸ್ಕ್ರೂ ಸಡಿಲವಾಗುತ್ತದೆ. ಸೀಸನ್ ಮುಂಚೆ ಬೆರಳಿನಿಂದ ತಿರುಗಿಸಿ ನೋಡಿ. ಸುತ್ತಿದರೆ ಅದು ಈ ವರ್ಷ ನಿಮ್ಮ ಕೋವಿಯನ್ನು ಬೀಳಿಸುತ್ತದೆ. ಲೋಹದ ನಟ್ಟಿಗೆ ಸ್ಕ್ರೂ ಇರುವ ಕಡೆ ನೀಲಿ ಬಣ್ಣದ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ. ನೀಲಿಯದ್ದನ್ನು ಮುಂದೆ ಬೇಕಾದರೆ ಕೈ ಸಾಧನದಲ್ಲೇ ಬಿಚ್ಚಬಹುದು. ಮುಂದಿನ ಸ್ಟಡ್‌ಗೆ ಬೈಪಾಡ್ (ಕೋವಿಯನ್ನು ನೆಲಕ್ಕೆ ಊರುವ ಎರಡು ಕಾಲಿನ ಆಸರೆ) ಹಾಕಿದ್ದರೆ ಚಿಂತೆ ಬೇಡ, ಹ್ಯಾರಿಸ್ ಥರದ ಬೈಪಾಡಿನಲ್ಲೇ ಸ್ಲಿಂಗ್ ಸಿಕ್ಕಿಸಲು ಜಾಗವಿರುತ್ತದೆ.

ಒತ್ತಿದರೆ ಬಿಚ್ಚಿಕೊಳ್ಳುವ ಕ್ವಿಕ್ ಡಿಟ್ಯಾಚ್ ಕೊಂಡಿ ಇದ್ದರೆ ಒಳ್ಳೇದು. ಪೊದೆಯಲ್ಲಿ ನುಸುಳುವಾಗ, ಬಂಡೆಯ ಮೇಲೆ ಕೋವಿ ಊರಿ ಗುರಿ ಹಿಡಿಯುವಾಗ ಸ್ಲಿಂಗನ್ನು ತೆಗೆದು ಜೇಬಿಗೆ ಹಾಕಬಹುದು.

ಕೊಂಡಿ ಟಿಣ್ ಟಿಣ್ ಅನ್ನುತ್ತೆ. ನಿಲ್ಲಿಸೋದು ಹೇಗೆ?

ಕೊಂಡಿ ಮತ್ತು ಸ್ಟಡ್ ತಾಗುವ ಜಾಗಕ್ಕೆ ಸಣ್ಣ ರಬ್ಬರ್ ರಿಂಗ್ ಹಾಕಿ, ಬಕಲ್ ಮೇಲೆ ಬಟ್ಟೆಯ ಟೇಪ್ ಸುತ್ತಿ. ಆಮೇಲೆ ಕೋವಿ ಹಾಕಿಕೊಂಡು ಕುಣಿದು ನೋಡಿ.

ಗುರಿ ಹಿಡಿಯಲು ಸ್ಲಿಂಗ್ ಸಹಾಯ ಆಗುತ್ತಾ?

ಆಗುತ್ತದೆ. ಎಡತೋಳನ್ನು ಪಟ್ಟಿಯೊಳಗೆ ತೂರಿಸಿ, ಒಂದು ಸುತ್ತು ಹಾಕಿ ಮುಂಭಾಗ ಹಿಡಿದರೆ ಕೋವಿ ಭುಜಕ್ಕೆ ಬಿಗಿಯಾಗಿ ಕೂರುತ್ತದೆ. ಇದಕ್ಕೆ ಹೇಸ್ಟಿ ಸ್ಲಿಂಗ್ ಅನ್ನುತ್ತಾರೆ. ಕೂತು ಹೊಡೆಯುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹಿಗ್ಗುವ ನಿಯೋಪ್ರೀನಿನಲ್ಲಿ ಇದು ಸರಿಯಾಗಿ ಆಗುವುದಿಲ್ಲ. ಅಮೆರಿಕದ ಸೇನೆಯ 1907ರ ಮಾದರಿಯ ಚರ್ಮದ ಸ್ಲಿಂಗ್ ಈ ಕೆಲಸಕ್ಕೆಂದೇ ಆದದ್ದು. ತೋಳಿಗೆ ಕುಣಿಕೆ ಮಾಡಿಕೊಳ್ಳಬಹುದು. ಈಗಲೂ ಅದನ್ನು ಮೆಚ್ಚುವವರಿದ್ದಾರೆ. ನನಗೆ ಅದರ ಹಿತ್ತಾಳೆ ಕೊಕ್ಕೆಗಳು ಬೆಟ್ಟದ ನಡಿಗೆಗೆ ಭಾರ ಅನಿಸುತ್ತವೆ.

ಒಂದು ಎಚ್ಚರಿಕೆ. ಪ್ಲಾಸ್ಟಿಕ್ ಸ್ಟಾಕ್ (ನಳಿಗೆಯನ್ನು ಕೂರಿಸಿದ ಕೋವಿಯ ಒಡಲು) ಇರುವ ಕೆಲವು ಕೋವಿಗಳಲ್ಲಿ ಮುಂಭಾಗ ಬಗ್ಗುತ್ತದೆ. ಸ್ಲಿಂಗ್ ಜಗ್ಗಿದಾಗ ಅದು ನಳಿಗೆಗೆ ತಾಗಿ ಗುಂಡು ಬೇರೆ ಕಡೆ ಬೀಳುತ್ತದೆ. ರೇಂಜಿನಲ್ಲಿ ಸ್ಲಿಂಗ್ ಬಿಗಿದು ಒಮ್ಮೆ, ಬಿಗಿಯದೆ ಒಮ್ಮೆ ಹೊಡೆದು ಹೋಲಿಸಿ.

ಶೂಟಿಂಗ್ ಸ್ಪರ್ಧೆಯ ಸ್ಲಿಂಗ್ ನಡೆಯುತ್ತಾ?

ಇಲ್ಲ. ಅದು ತೋಳಿಗೆ ಕಟ್ಟಿ ಕೋವಿಯ ಮುಂಭಾಗಕ್ಕೆ ಸಿಕ್ಕಿಸುವಂಥದ್ದು. ಮಲಗಿ, ಮಂಡಿಯೂರಿ ಹೊಡೆಯಲು ಮಾತ್ರ. ಅದರಲ್ಲಿ ಕೋವಿ ಹೊರಲು ಬರುವುದಿಲ್ಲ. ಒಂದೇ ಕಡೆ ಸಿಕ್ಕಿಸುವ ಸಿಂಗಲ್ ಪಾಯಿಂಟ್ ಸ್ಲಿಂಗ್ ಕೂಡ ಬೇಟೆಗೆ ಬೇಡ. ಉದ್ದನೆ ಕೋವಿ ಕಾಲಿನ ನಡುವೆ ಓಲಾಡುತ್ತದೆ.

ಎಲ್ಕ್ ಸಿಕ್ಕಿದ ಮೇಲೆ ಮಾಂಸ ಹೊರುವಾಗ ಕೋವಿ ಎಲ್ಲಿ?

ಒಂದು ಎಲ್ಕ್‌ನ ಮಾಂಸ ಒಬ್ಬರು ಒಂದೇ ಸಲ ಹೊರುವಷ್ಟಲ್ಲ. ನಾಲ್ಕೈದು ಸರ್ತಿ ಹೋಗಿ ಬರಬೇಕಾಗುತ್ತದೆ. ಬೆನ್ನ ಮೇಲೆ 30 ಕಿಲೋ ಇರುವಾಗ ಒಂದು ಹೆಗಲಿಗೆ ಕೋವಿ ನೇತುಹಾಕಿದರೆ ಮೈ ವಾಲುತ್ತದೆ. ಇಳಿಜಾರಿನಲ್ಲಿ ವಾಲಿದವರೇ ಬೀಳುವುದು. ಪೂರ್ತಿ ಖಾಲಿ ಮಾಡಿ ಬ್ಯಾಗಿನ ಬದಿಗೆ ಎರಡು ಕಡೆ ಬಿಗಿದು ಕಟ್ಟಿ. ಮತ್ತೆ, ಕಿತ್ತಳೆ ಅಥವಾ ಗುಲಾಬಿ ಫ್ಲೋರೆಸೆಂಟ್ ಬಣ್ಣ ಸೊಂಟದಿಂದ ಮೇಲೆ 500 ಚದರ ಇಂಚು, ಜೊತೆಗೆ ಎಲ್ಲ ಕಡೆಯಿಂದ ಕಾಣುವ ಟೋಪಿ ಇರಬೇಕು ಎಂಬುದು ಕೊಲರಾಡೊ ನಿಯಮ. ದೊಡ್ಡ ಬ್ಯಾಗ್ ಬೆನ್ನಿನ ಬಣ್ಣವನ್ನು ಮುಚ್ಚಿಬಿಡುತ್ತದೆ, ಬ್ಯಾಗಿನ ಮೇಲೂ ಒಂದು ಕಿತ್ತಳೆ ಬಟ್ಟೆ ಕಟ್ಟಿ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗೆಳೆಯರ ಕೋವಿ ಹೊರಬಹುದಾ?

ಸ್ಲಿಂಗಿನ ಪ್ರಶ್ನೆ ಅಲ್ಲದಿದ್ದರೂ ನಮ್ಮವರು ಇದನ್ನು ತಿಳಿದಿರಲೇಬೇಕು. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿಯಂಥ ನಾನ್-ಇಮಿಗ್ರಂಟ್ (ಕಾಯಂ ವಾಸಕ್ಕಲ್ಲದ) ವೀಸಾದಲ್ಲಿರುವವರು ಸಾಮಾನ್ಯವಾಗಿ ಕೋವಿಯನ್ನೂ ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಅಲ್ಲಿನ ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಲೈಸೆನ್ಸ್ ಕೈಗೆ ಬರುವ ತನಕ ಸುಮ್ನೆ ಹೊತ್ತು ನೋಡುವುದಕ್ಕೂ ಮುಟ್ಟಬೇಡಿ, ವಕೀಲರನ್ನು ಒಮ್ಮೆ ಕೇಳಿ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಕೊಲರಾಡೊದಲ್ಲಿ ಲೈಸೆನ್ಸ್ ಪಡೆಯಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು.

ಇದೇ ಸ್ಲಿಂಗ್ ಊರಿಗೆ ತಂದು ಬಳಸಬಹುದಾ?

ಬೇಟೆಗೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಶಿಕಾರಿ ಅಪರಾಧ. ಅದು ಹಾಗೇ ಇರಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ. ಕೊಡಗಿನವರ ಮನೆಯಲ್ಲಿ ಕೋವಿ ಇದೆ, ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಇದೆ. ಅಂಥ ಹಳೇ ಕೋವಿಗೆ ಒಳ್ಳೆ ಚರ್ಮದ ಪಟ್ಟಿ ಹಾಕಿಸಿ ಇಟ್ಟರೆ ಚೆಂದವೇ. ಆದರೆ ಪಟ್ಟಿ ಹಾಕಲು ಹಳೇ ಮರಕ್ಕೆ ಹೊಸ ತೂತು ಕೊರೆಯಬೇಡಿ.

ಕೊಂಡ ಮೇಲೆ ಹೇಗೆ ಪರೀಕ್ಷೆ ಮಾಡಲಿ?

ಬೇಟೆಯ ದಿನ ಹಾಕುವ ಬಟ್ಟೆಯನ್ನೇ ಹಾಕಿ. ಬ್ಯಾಗಿಗೆ ನೀರು, ಊಟ, ಮಳೆಯಂಗಿ ಎಲ್ಲ ತುಂಬಿ. ಖಾಲಿ ಕೋವಿಯನ್ನು, ಬೋಲ್ಟ್ ತೆಗೆದು, ಹೆಗಲಿಗೆ ಹಾಕಿ ಮನೆಯೊಳಗೇ ಮೆಟ್ಟಿಲು ಹತ್ತಿ ಇಳಿಯಿರಿ. ಒಂದು ಗಂಟೆ. ಆದಷ್ಟೂ ಕೈಯಿಂದ ಪಟ್ಟಿ ಮುಟ್ಟಬೇಡಿ. ಎಷ್ಟು ಸಲ ಮೇಲೆ ಎಳೆದುಕೊಳ್ಳಬೇಕಾಯಿತು ಎಂದು ಗಮನಿಸಿ. ಕತ್ತಿನ ಬುಡ ಬಿಗಿದಿದೆಯಾ, ಬೆರಳು ಜೋಮು ಹಿಡಿದಿದೆಯಾ ನೋಡಿ. ಜೋಮು ಹಿಡಿದರೆ ಪಟ್ಟಿ ಕಂಕುಳ ಕಡೆ ಒತ್ತುತ್ತಿದೆ, ಒಂದಿಂಚು ಉದ್ದ ಬಿಡಿ. ರಸೀದಿ ಇಟ್ಟುಕೊಳ್ಳಿ, ಬೆಲೆಪಟ್ಟಿ ಕೀಳಬೇಡಿ. ಸರಿಬರದಿದ್ದರೆ ವಾಪಸ್ ಕೊಟ್ಟು ಬೇರೆ ತನ್ನಿ.

ಸೀಸನ್ ಮುಗಿದ ಮೇಲೆ ಆರೈಕೆ ಏನು?

ಪಟ್ಟಿಯನ್ನು ಕೋವಿಯಿಂದ ಬಿಚ್ಚಿ ಇಡಿ. ಒದ್ದೆ ಪಟ್ಟಿ ತಾಗಿಕೊಂಡಿದ್ದ ಕಡೆ ನಳಿಗೆಗೆ ತುಕ್ಕು ಹಿಡಿಯುತ್ತದೆ. ಚರ್ಮವನ್ನು ನೆರಳಲ್ಲಿ ಒಣಗಿಸಿ, ಹೀಟರ್ ಹತ್ತಿರ ಬೇಡ, ಬಿರುಕು ಬಿಡುತ್ತದೆ. ಒಣಗಿದ ಮೇಲೆ ಲೆದರ್ ಕಂಡೀಷನರ್ ಸ್ವಲ್ಪ ಹಚ್ಚಿ, ಒಳಮೈಯ ಸ್ವೇಡ್‌ಗೆ ಮಾತ್ರ ತಾಗಿಸಬೇಡಿ. ತಾಗಿದರೆ ಹಿಡಿತ ಹೋಗುತ್ತದೆ. ನೈಲಾನ್, ಪಾಲಿಯೆಸ್ಟರ್ ಪಟ್ಟಿಯನ್ನು ಸೋಪು ನೀರಿನಲ್ಲಿ ಕೈಯಲ್ಲೇ ಒಗೆಯಿರಿ. ಆಮೇಲೆ ಕೊಂಡಿಯ ಹತ್ತಿರದ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಮೂರು ದಾರ ಕಿತ್ತಿದ್ದರೆ, ಅಂಚಿನಲ್ಲಿ ನೂಲು ಎದ್ದಿದ್ದರೆ, ಹೊಸದನ್ನು ಈಗಲೇ ತಂದಿಡಿ.